ಯಂತ್ರಕ್ಕೆ ಅಂಕ ಕೊಟ್ಟವರು ಯಾರು, ಕೊಟ್ಟದ್ದು ಹೇಗೆ?



ತಿದ್ದಿದ ಉತ್ತರ ಪತ್ರಿಕೆ ಕೈಗೆ ಬಂದ ಕೂಡಲೇ ನೀವು ಏನು ಮಾಡ್ತೀರಿ? ಮೊದಲು ಒಟ್ಟು ಅಂಕ ನೋಡ್ತೀರಿ. ಆಮೇಲೆ ಪಕ್ಕದವರ ಪತ್ರಿಕೆ ನೋಡ್ತೀರಿ. "ಸರ್, ಇಬ್ಬರ ಉತ್ತರವೂ ಒಂದೇ. ಅವಳಿಗೆ ಎರಡು ಅಂಕ, ನನಗೆ ಒಂದೂವರೆ ಯಾಕೆ?" ಅಂತ ಮೇಜಿನ ಹತ್ತಿರ ಬರ್ತೀರಿ. ಈ ಪ್ರಶ್ನೆ ಕೇಳಿದರೆ ನನಗೆ ಸಿಟ್ಟು ಬರುವುದಿಲ್ಲ. ಅಳತೆ ಸರಿಯಾಗಿದೆಯೇ ಎಂದು ಕೇಳುವುದರಿಂದಲೇ ವಿಜ್ಞಾನ ಶುರುವಾಗುತ್ತದೆ.

ಆದರೆ ಕೃತಕ ಬುದ್ಧಿಮತ್ತೆಯ ವಿಷಯಕ್ಕೆ ಬಂದರೆ ಈ ಪ್ರಶ್ನೆ ನಮಗೆ ಮರೆತೇ ಹೋಗುತ್ತದೆ. "ಹೊಸ ಎಐ ಪರೀಕ್ಷೆಯಲ್ಲಿ ಇಷ್ಟು ಪರ್ಸೆಂಟ್ ತೆಗೆಯಿತು" ಎಂದು ಪೇಪರಿನಲ್ಲಿ ಬಂದರೆ ಹಾಗೇ ನಂಬಿಬಿಡುತ್ತೇವೆ. ಪ್ರಶ್ನೆಪತ್ರಿಕೆ ಯಾವುದು, ತಿದ್ದಿದ ಕ್ರಮ ಯಾವುದು ಎಂದು ಯಾರೂ ಕೇಳುವುದಿಲ್ಲ. ಕೇಳಬೇಕು ಅಂತ ನನ್ನ ವಾದ. ಯಾಕೆ ಅಂದರೆ, 2023ರಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ.

ಎಂಎಂಎಲ್‌ಯು ಎಂಬ ಹೆಸರಿನ ಒಂದು ಪರೀಕ್ಷೆ ಇದೆ. 2020ರಲ್ಲಿ ಪ್ರಕಟವಾದದ್ದು. 57 ವಿಷಯಗಳು, ಸುಮಾರು 14,000 ಪ್ರಶ್ನೆಗಳು, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆಗಳು. ನೀವು ಬರೆಯುವ ಎನ್‌ಎಂಎಂಎಸ್ ಪರೀಕ್ಷೆಯ ಹಾಗೆಯೇ. ಹೀಗೆ ಎಲ್ಲ ಯಂತ್ರಗಳಿಗೂ ಕೊಡುವ ಸಮಾನ ಪರೀಕ್ಷೆಗೆ ಬೆಂಚ್‌ಮಾರ್ಕ್ ಎನ್ನುತ್ತಾರೆ. ಮೆಟಾ ಕಂಪನಿಯ ಲಾಮಾ ಎಂಬ ಭಾಷಾ ಮಾದರಿ ಈ ಪರೀಕ್ಷೆಯಲ್ಲಿ ನೂರಕ್ಕೆ ಸುಮಾರು 64 ಅಂಕ ಪಡೆದಿದೆ ಎಂದು ಒಂದು ಕಡೆ ಇತ್ತು. ಹಗ್ಗಿಂಗ್ ಫೇಸ್ ಸಂಸ್ಥೆಯ ಅಂಕಪಟ್ಟಿಯಲ್ಲಿ ಅದೇ ಮಾದರಿಗೆ, ಅದೇ ಪರೀಕ್ಷೆಯಲ್ಲಿ ಸುಮಾರು 49 ಮಾತ್ರ! ಹದಿನೈದು ಅಂಕ ಎಲ್ಲಿಗೆ ಹೋಯಿತು?

ಹೋದದ್ದು ತಿದ್ದುವ ಕ್ರಮದಲ್ಲಿ. ಭಾಷಾ ಮಾದರಿ ನಮ್ಮ ಹಾಗೆ ಪೆನ್ನು ಹಿಡಿದು ಬರೆಯುವುದಿಲ್ಲ. ಮುಂದೆ ಯಾವ ಪದ ಬರುವ ಸಂಭವ ಎಷ್ಟು ಎಂದು ಲೆಕ್ಕ ಹಾಕುತ್ತದೆ. ಒಬ್ಬರು ಎ, ಬಿ, ಸಿ, ಡಿ ಈ ನಾಲ್ಕು ಅಕ್ಷರಗಳಲ್ಲಿ ಯಾವುದಕ್ಕೆ ಹೆಚ್ಚು ಸಂಭವ ಕೊಟ್ಟಿದೆ ಅಂತ ಮಾತ್ರ ನೋಡಿದರು. ಇನ್ನೊಬ್ಬರು ಯಂತ್ರ ತಾನಾಗಿ ಮೊದಲು ಏನು ಬರೆಯುತ್ತದೆ ಅಂತ ನೋಡಿದರು. ಆ ನಾಲ್ಕು ಅಕ್ಷರ ಬಿಟ್ಟು ಬೇರೇನೋ ಬರೆದರೆ ಸೊನ್ನೆ. ಈ ಎರಡು ಕ್ರಮಗಳಲ್ಲಿ ಲಾಮಾಕ್ಕೆ ಹೆಚ್ಚುಕಡಿಮೆ ಒಂದೇ ಅಂಕ ಬಂತು. ಮೂರನೆಯವರು ಅಕ್ಷರದ ಜೊತೆಗೆ ಉತ್ತರದ ಇಡೀ ವಾಕ್ಯದ ಸಂಭವ ಲೆಕ್ಕ ಹಾಕಿದರು. ಅಲ್ಲಿಗೆ ಅಂಕ ಇಳಿಯಿತು. ಪ್ರಶ್ನೆಯನ್ನು ಯಂತ್ರದ ಮುಂದೆ ಇಟ್ಟ ರೀತಿಯಲ್ಲೂ ಸಣ್ಣಪುಟ್ಟ ವ್ಯತ್ಯಾಸಗಳಿದ್ದವು. ಮೂವರೂ ಮೋಸ ಮಾಡಿರಲಿಲ್ಲ. ಆದರೂ ಅಂಕ ಬೇರೆ.

ಈ ಗುಟ್ಟು ಹೊರಬಿದ್ದದ್ದು ಹೇಗೆ ಗೊತ್ತಾ? ತಿದ್ದುವ ಮೂರೂ ತಂತ್ರಾಂಶಗಳು ಓಪನ್ ಸೋರ್ಸ್ ಆಗಿದ್ದವು. ಅಂದರೆ ಅವುಗಳ ಕೋಡನ್ನು ಯಾರು ಬೇಕಾದರೂ ತೆರೆದು ಓದಬಹುದು, ನಡೆಸಿ ನೋಡಬಹುದು, ತಪ್ಪಿದ್ದರೆ ತೋರಿಸಬಹುದು. ಸಾಲು ಸಾಲಾಗಿ ಹೋಲಿಸಿದಾಗ ಕಾರಣ ಸಿಕ್ಕಿತು. ಹಗ್ಗಿಂಗ್ ಫೇಸ್ ಬಳಸುತ್ತಿದ್ದದ್ದು ಎಲುಥರ್‌ಎಐ ಗುಂಪಿನ 'ಇವ್ಯಾಲ್ಯುಯೇಷನ್ ಹಾರ್ನೆಸ್' ಎಂಬ ಉಪಕರಣ. ಆಮೇಲೆ ಅದರಲ್ಲಿ ಈ ಪರೀಕ್ಷೆಯನ್ನು ತಿದ್ದುವ ಕ್ರಮ ಸರಿಪಡಿಸಲಾಯಿತು. ಕೋಡ್ ಬೀಗ ಹಾಕಿದ ಪೆಟ್ಟಿಗೆಯೊಳಗಿದ್ದಿದ್ದರೆ ಹೊರಗಿನ ನಾವು ಯಾವ ಅಂಕವನ್ನು ನಂಬಬೇಕಿತ್ತು?

ಇಂಥ ಉಪಕರಣ ಕೆಲಸವನ್ನು ತಾನೇ ಮಾಡುತ್ತದೆ. ಹದಿನಾಲ್ಕು ಸಾವಿರ ಉತ್ತರ ಕೈಯಲ್ಲಿ ತಿದ್ದಲು ಹೋದರೆ ನಮಗೆ ದಣಿವಾಗುತ್ತದೆ, ಸಂಜೆಯ ಹೊತ್ತಿಗೆ ಕೈ ಸಡಿಲವಾಗುತ್ತದೆ. ಉಪಕರಣಕ್ಕೆ ಒಂದು ಆಜ್ಞೆ ಕೊಟ್ಟರೆ ಸಾಕು, ಮೊದಲ ಪ್ರಶ್ನೆಯನ್ನು ತಿದ್ದಿದ ಕ್ರಮದಲ್ಲೇ ಕೊನೆಯದನ್ನೂ ತಿದ್ದುತ್ತದೆ. ಯಂತ್ರಗಳ ವೇಗ ಅಳೆಯಲೂ ಹೀಗೇ ಎಂಎಲ್‌ಪರ್ಫ್ ಎಂಬ ವ್ಯವಸ್ಥೆ 2018ರಲ್ಲಿ ಶುರುವಾಯಿತು. ಅಲ್ಲಿ ಬರೀ ಓಡಿದರೆ ಸಾಲದು, ಉತ್ತರದ ನಿಖರತೆಯೂ ನಿಗದಿತ ಮಟ್ಟದಲ್ಲಿರಬೇಕು.

ಆದರೆ ಒಂದು ಎಚ್ಚರ. ತಪ್ಪು ಕ್ರಮವನ್ನು ತುಂಬಿಸಿದರೆ ಉಪಕರಣ ಅದೇ ತಪ್ಪನ್ನು ಹದಿನಾಲ್ಕು ಸಾವಿರ ಸಲ ಬೇಸರವಿಲ್ಲದೆ ಮಾಡುತ್ತದೆ. ಆದ್ದರಿಂದಲೇ ಅದು ತೆರೆದಿರಬೇಕು.

"ಇದರಿಂದ ಗಡಿಯಲ್ಲಿರುವ ನಮಗೇನು ಸರ್?" ಅಂತ ಕೇಳಬಹುದು. ಇದೆ. ಎಂಎಂಎಲ್‌ಯು ಇಂಗ್ಲಿಷ್ ಪ್ರಶ್ನೆಪತ್ರಿಕೆ. ಅಮೆರಿಕದ ಚರಿತ್ರೆ, ಕಾನೂನು ಎಲ್ಲ ಅದರಲ್ಲಿದೆ. ಕನ್ನಡ ಇರುವ ಪರೀಕ್ಷೆಗಳೂ ಇವೆ. ಬೆಲೆಬೆಲೆ ಎಂಬುದರಲ್ಲಿ 900 ಪ್ರಶ್ನೆಗಳು 122 ಭಾಷಾರೂಪಗಳಲ್ಲಿವೆ, ಕನ್ನಡವೂ ಒಂದು. ಆದರೆ ಅದು ಇಂಗ್ಲಿಷಿನಿಂದ ಅನುವಾದವಾದ ಕನ್ನಡ. ಕಾಸರಗೋಡಿನ ನೀರುಳ್ಳಿ, ಸೊಲ್ಲಾಪುರ ಕಡೆಯ ಉಳ್ಳಾಗಡ್ಡಿ, ಪಠ್ಯಪುಸ್ತಕದ ಈರುಳ್ಳಿ ಮೂರೂ ಒಂದೇ ಎಂಬುದು ಯಂತ್ರಕ್ಕೆ ಗೊತ್ತೇ ಎಂದು ಅನುವಾದದ ಪ್ರಶ್ನೆಪತ್ರಿಕೆ ಹೇಗೆ ಕೇಳೀತು? ಪರೀಕ್ಷೆಯಲ್ಲಿ ಬಾರದ ಪಾಠವನ್ನು ಓದದಿರುವುದು ಮಕ್ಕಳ ಅಭ್ಯಾಸ ಮಾತ್ರವಲ್ಲ, ಯಂತ್ರ ಮಾಡುವವರ ಅಭ್ಯಾಸವೂ ಹೌದು. ನಮ್ಮ ಕನ್ನಡ ಪರೀಕ್ಷೆಯಲ್ಲಿ ಇಲ್ಲದಿದ್ದರೆ ಅದನ್ನು ಕಲಿಸುವ ಅವಸರ ಯಾರಿಗೂ ಇರುವುದಿಲ್ಲ.

ದೂರುವುದರ ಬದಲು ಪ್ರಶ್ನೆಪತ್ರಿಕೆ ನಾವೇ ತಯಾರಿಸೋಣ. ಹಾರ್ನೆಸ್‌ನಂಥ ಉಪಕರಣಕ್ಕೆ ಹೊಸ ಪರೀಕ್ಷೆ ಸೇರಿಸಬಹುದು: ಒಂದು ಕಡತದಲ್ಲಿ ಪ್ರಶ್ನೆಗಳು, ಇನ್ನೊಂದರಲ್ಲಿ ನಡೆಸುವ ವಿಧಾನ. ಟೈಪ್ ಮಾಡುವ ಕೆಲಸ ಮೇಷ್ಟ್ರುಗಳಿಗೆ ಬಿಡಿ. ನಿಮಗೆ ಒಂದು ನೋಟ್‌ಬುಕ್ ಸಾಕು. ಉದಾಹರಣೆಗೆ:

"ಬಿಸಿಲಲ್ಲಿ ಬಂದ ಮಾವನಿಗೆ ಅಜ್ಜಿ ಬೊಂಡ ಕೆತ್ತಿ ಕೊಟ್ಟರು. ಅಜ್ಜಿ ಕೊಟ್ಟದ್ದು ಏನು? ಎ) ಕರಿದ ತಿಂಡಿ ಬಿ) ಎಳನೀರು ಸಿ) ಹಲಸಿನ ತೊಳೆ ಡಿ) ಕಬ್ಬು"

ಕಾಸರಗೋಡಿನ ಮಕ್ಕಳು ಯೋಚಿಸದೆ ಬಿ ಅಂತಾರೆ. ಮಡಕಶಿರಾದ ಮಕ್ಕಳಿಗೆ 'ಬೊಂಡ' ಅಂದರೆ ಎಣ್ಣೆ ಬಾಣಲೆ ನೆನಪಾದರೂ 'ಕೆತ್ತಿ' ಎಂಬ ಪದ ಸುಳಿವು ಕೊಡುತ್ತದೆ. ಯಂತ್ರ ಏನನ್ನುತ್ತದೆ, ನೋಡೋಣ ಅಲ್ವಾ?

ಹೀಗೆ ನಿಮ್ಮ ಮನೆಯ, ಪೇಟೆಯ, ಗದ್ದೆಯ ಮಾತಿನಿಂದ ಹತ್ತು ಪ್ರಶ್ನೆ ಬರೆಯಿರಿ. ಯಾವ ಊರಿನ ಮಾತು ಅಂತಲೂ ಬರೆಯಿರಿ. ಬರೆದ ಮೇಲೆ ನಿಮ್ಮೂರಿನದೇ ಇಬ್ಬರು ಗೆಳೆಯರಿಗೆ ಬೇರೆ ಬೇರೆಯಾಗಿ ಕೊಡಿ. ಇಬ್ಬರೂ ಬೇರೆ ಉತ್ತರ ಹೇಳಿದರೆ ಪ್ರಶ್ನೆಯೇ ಸರಿಯಿಲ್ಲ, ತಿದ್ದಿ. ಎಲ್ಲ ಪ್ರಶ್ನೆಗಳನ್ನೂ ಇಂಟರ್‌ನೆಟ್ಟಿಗೆ ಹಾಕಬೇಡಿ. ಅರ್ಧ ನಮ್ಮಲ್ಲೇ ಇರಲಿ. ಪ್ರಶ್ನೆಪತ್ರಿಕೆ ಸೋರಿಕೆಯಾದರೆ ಯಂತ್ರವೂ ಬಾಯಿಪಾಠ ಮಾಡುತ್ತದೆ.

ಇನ್ನು ಮುಂದೆ ಯಾರಾದರೂ "ಈ ಎಐಗೆ ಕನ್ನಡ ಚೆನ್ನಾಗಿ ಬರ್ತದೆ" ಅಂದರೆ, ಉತ್ತರ ಪತ್ರಿಕೆ ಹಿಡಿದು ಮೇಜಿನ ಹತ್ತಿರ ಬರ್ತೀರಲ್ಲ, ಅದೇ ಧೈರ್ಯದಲ್ಲಿ ಕೇಳಿ: ಯಾರ ಕನ್ನಡ? ಯಾವ ಪ್ರಶ್ನೆ? ತಿದ್ದಿದ್ದು ಹೇಗೆ, ತೋರಿಸಿ.