ಮಹಾಲಯವು ನಮ್ಮಿಂದ ಬೇಡುವುದೇನು?

ಭಾದ್ರಪದ ಮಾಸದ ಹುಣ್ಣಿಮೆ ಕಳೆದು, ಬಹುಳ ಪಾಡ್ಯದಿಂದ ಅಮಾವಾಸ್ಯೆಯವರೆಗೆ ಬರುವ ಪಕ್ಷವನ್ನು ನಮ್ಮ ಪೂರ್ವಿಕರು ಪಿತೃಗಳಿಗೆಂದೇ ಮೀಸಲಿಟ್ಟರು. ಈ ದಿನಗಳಲ್ಲಿ ಮದುವೆ, ಗೃಹಪ್ರವೇಶಗಳನ್ನು ನಡೆಸದಿರುವ ರೂಢಿಯನ್ನೇ ಹಿಡಿದು ಇದನ್ನು ಅಶುಭಕಾಲವೆಂದು ಬಗೆದು, ಬೇಗ ಕಳೆದು ನವರಾತ್ರಿ ಬಂದರೆ ಸಾಕೆಂದು ಹಾರೈಸುವವರು ಬಹುಮಂದಿ. ಇದು ಈ ಪಕ್ಷಕ್ಕೆ ನಾವು ಎಸಗುತ್ತಿರುವ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಕೃತಜ್ಞತೆಯ ಪರಿಧಿಯನ್ನು ಇಷ್ಟು ವಿಶಾಲವಾಗಿ ವಿಸ್ತರಿಸಿದ ಪರ್ವಕಾಲ ನಮ್ಮ ಪಂಚಾಂಗದಲ್ಲಿ ಮತ್ತೊಂದಿಲ್ಲ.

ಪಿತೃಸ್ಮರಣೆಗೆ ಶಾಸ್ತ್ರಕಾರರು ವಿಧಿಸಿದ ದಿನಗಳಿಗೇನೂ ಕೊರತೆಯಿಲ್ಲ. ಅಮಾವಾಸ್ಯೆಗಳು 12, ಸಂಕ್ರಮಣಗಳು 12, ಮನ್ವಾದಿಗಳು 14, ಯುಗಾದಿ ತಿಥಿಗಳು 4, ವ್ಯತೀಪಾತ ವೈಧೃತಿಗಳು ತಲಾ 13, ಅಷ್ಟಕಾದಿಗಳು 12, ಮಹಾಲಯ 16, ಹೀಗೆ ವರ್ಷಕ್ಕೆ 96 ಶ್ರಾದ್ಧಗಳನ್ನು ಹೇಳುವ ಷಣ್ಣವತಿ ಕ್ರಮವನ್ನು ಈಗ ಪೂರ್ಣವಾಗಿ ಆಚರಿಸುವವರು ವಿರಳ. ಮಿಕ್ಕವೆಲ್ಲ ಬಿಟ್ಟುಹೋದ ಮನೆಗಳಲ್ಲಿಯೂ ಮಹಾಲಯವೊಂದು ಉಳಿದುಬಂದಿರುವುದು ಅದರ ಔದಾರ್ಯದಿಂದಲೇ ಇರಬೇಕು. ಮುತ್ತೈದೆಯಾಗಿ ತೀರಿಕೊಂಡವಳಿಗೆ ಅವಿಧವಾ ನವಮಿ, ಸಂನ್ಯಾಸಿಗಳಿಗೆ ದ್ವಾದಶಿ, ಶಸ್ತ್ರದಿಂದಲೋ ಅಪಘಾತದಿಂದಲೋ ಮಡಿದವರಿಗೆ ಚತುರ್ದಶಿ, ಮೃತತಿಥಿಯೇ ತಿಳಿಯದವರಿಗೆ ಸರ್ವಪಿತೃ ಅಮಾವಾಸ್ಯೆ. ಒಬ್ಬರೂ ಬಿಟ್ಟುಹೋಗಬಾರದೆಂಬ ಕಾಳಜಿ ಈ ವ್ಯವಸ್ಥೆಯಲ್ಲೆಲ್ಲ ಕಾಣುತ್ತದೆ.

ತರ್ಪಣದ ಕ್ರಮವನ್ನು ಗಮನಿಸಿದರೆ ಇದು ಇನ್ನೂ ಸ್ಪಷ್ಟವಾಗುವುದು. ದರ್ಭೆಯ ಪವಿತ್ರವನ್ನು ಧರಿಸಿ, ಕರಿಯೆಳ್ಳು ಬೆರೆತ ನೀರನ್ನು ಹೆಬ್ಬೆರಳು ತೋರುಬೆರಳುಗಳ ನಡುವಿನಿಂದ ಬಿಡುತ್ತ ಕರ್ತೃವು ವಸು, ರುದ್ರ, ಆದಿತ್ಯ ಸ್ವರೂಪರಾದ ತಂದೆ, ಅಜ್ಜ, ಮುತ್ತಜ್ಜರನ್ನೂ, ತಾಯಿ, ಅಜ್ಜಿ, ಮುತ್ತಜ್ಜಿಯರನ್ನೂ, ತಾಯಿಯ ಕಡೆಯವರನ್ನೂ ಹೆಸರುಗೊಂಡು ನೆನೆದು, ಅನಂತರ ಅತ್ತೆಮಾವಂದಿರು, ಗುರು, ಸ್ನೇಹಿತ ಎಂದು ಮುಂದುವರಿದು, ಕೊನೆಗೆ ತಾಯಿತಂದೆ ಬಂಧುಬಳಗ ಯಾರೂ ಇಲ್ಲದವರಿಗೂ ಒಂದು ಬೊಗಸೆ ನೀರೆರೆಯುತ್ತಾನೆ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಇದೇ ಭಾವ ಹಿರಿಯರ ಹಬ್ಬವಾಗಿ ಬೆಳೆದಿದೆ. ಕಳಶವಿಟ್ಟು, ಹೊಸ ಸೀರೆ ಪಂಚೆಗಳನ್ನಿರಿಸಿ, ಬಾಳೆಯೆಲೆಯ ಮೇಲೆ ಕಜ್ಜಾಯ, ವಡೆ, ಪಾಯಸ, ಕೆಲವು ಮನೆಗಳಲ್ಲಿ ಬಾಡಿನ ಸಾರು, ಎಲೆಯಡಿಕೆ, ಹೊಗೆಸೊಪ್ಪು, ಒಟ್ಟಿನಲ್ಲಿ ಹೋದವರು ಬದುಕಿದ್ದಾಗ ಇಷ್ಟಪಟ್ಟದ್ದನ್ನೆಲ್ಲ ಎಡೆಯಿಟ್ಟು, ಅವರು ಉಣ್ಣಲೆಂದು ಬಾಗಿಲು ಮುಂದೆಮಾಡಿ ಮನೆಮಂದಿ ಹೊರಗೆ ನಿಲ್ಲುವರು. ಒಂದರಲ್ಲಿ ಮಂತ್ರವುಂಟು, ಮತ್ತೊಂದರಲ್ಲಿಲ್ಲ. ಶ್ರದ್ಧೆಯಲ್ಲಿ ಎರಡಕ್ಕೂ ಭೇದವಿಲ್ಲ.

ಇಂಥ ಆಚರಣೆಗೆ ಒದಗಿರುವ ಅಪಾಯ ನಾಸ್ತಿಕತೆಯಿಂದ ಬಂದದ್ದೆಂದು ನಾನು ಭಾವಿಸುವುದಿಲ್ಲ. ಅಮಾವಾಸ್ಯೆಯಂದು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿಯೂ ಗೋಕರ್ಣದ ಕೋಟಿತೀರ್ಥದಲ್ಲಿಯೂ ಜನ ಸೇರುತ್ತಲೇ ಇದ್ದಾರೆ. ಆದರೆ ಪುರೋಹಿತರು ಮುತ್ತಜ್ಜಿಯ ಹೆಸರು ಕೇಳಿದೊಡನೆ ಅಕ್ಕಪಕ್ಕದವರ ಮುಖ ನೋಡುವ ಗೃಹಸ್ಥರ ಸಂಖ್ಯೆ ಹೆಚ್ಚುತ್ತಿದೆ. ಸ್ಮರಣೆಗಾಗಿ ಹುಟ್ಟಿದ ಕರ್ಮದಲ್ಲಿ ಸ್ಮರಿಸಬೇಕಾದವರೇ ಮರೆತುಹೋದರೆ ದಕ್ಷಿಣೆ, ಭಕ್ಷ್ಯಭೋಜನಗಳ ವೈಭವ ಆ ಲೋಪವನ್ನು ತುಂಬಲಾರದು.

ಕರ್ನಾಟಕದಲ್ಲಿ ಮಹಾಲಯ ಅಮಾವಾಸ್ಯೆಗೆ ಸರ್ಕಾರಿ ರಜೆಯೂ ಇದೆ. ಅಂದು ಪ್ರತಿಯೊಂದು ಮನೆಯ ಹಿರಿಯರು ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, ತಂದೆಯ ಕಡೆಯ ಮತ್ತು ತಾಯಿಯ ಕಡೆಯ ಮೂರು ತಲೆಮಾರಿನವರ ಹೆಸರು, ಊರು, ಕಸುಬುಗಳನ್ನು, ಅದರಲ್ಲಿಯೂ ಬೇಗನೆ ಮರೆತುಹೋಗುವ ಹೆಂಗಸರ ಹೆಸರುಗಳನ್ನು, ಒಂದು ಪುಸ್ತಕದಲ್ಲಿ ಬರೆಯಿಸತಕ್ಕದ್ದು. ಶ್ರಾದ್ಧದಲ್ಲಿ ನಂಬಿಕೆಯಿಲ್ಲದವರಿಗೂ ಇದು ಅಸಾಧ್ಯವಲ್ಲ. ಅಂತೆಯೇ, ಯಾರೂ ಇಲ್ಲದವರಿಗೆ ನೀರೆರೆದ ಕೈ, ಬದುಕಿರುವಾಗಲೇ ಯಾರೂ ಇಲ್ಲದೆ ಇರುವ ನೆರೆಯ ವೃದ್ಧರೊಬ್ಬರಿಗೆ ಆ ದಿನ ಎಲೆ ಹಾಕಿ ಬಡಿಸಲಿ. ಈ ಎರಡು ಕೆಲಸಗಳನ್ನು ಮಾಡಿದ ಮನೆಯಲ್ಲಿ ಮಹಾಲಯವು ಸಾಂಗವಾಗಿ ನಡೆಯಿತೆಂದು ಧೈರ್ಯವಾಗಿ ಹೇಳಬಹುದು.