ಮಾಡದೆ ಬಿಟ್ಟದ್ದರ ಲೆಕ್ಕ

ನಮ್ಮ ಕಡೆಯ ಗಾದೆಗಳನ್ನು ಒಮ್ಮೆ ಸಾಲಾಗಿ ನೆನಪಿಸಿಕೊಳ್ಳಿ. ನಿಧಾನವೇ ಪ್ರಧಾನ. ತಾಳಿದವನು ಬಾಳಿಯಾನು. ಆತುರಗಾರನಿಗೆ ಬುದ್ಧಿ ಮಟ್ಟ. ಅವಸರಪಟ್ಟು ಕೆಡಿಸಿಕೊಂಡವನನ್ನು ಹಳಿಯಲು ನಮ್ಮಲ್ಲಿ ಮಾತಿಗೆ ಬರವಿಲ್ಲ. ಮಾಡಬೇಕಾದ್ದನ್ನು ಮಾಡದೆ ಕುಳಿತು ಕೆಟ್ಟವನ ಬಗ್ಗೆ ಮಾತ್ರ ನಾಲಗೆ ತಡವರಿಸುತ್ತದೆ. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ರಾಶಿ ಮಾಡುವ ಕಣದಲ್ಲಿ ಹುಟ್ಟಿದ ಒಳ್ಳೆಯ ಮಾತು ಅದು. ಆದರೆ ಈಗ ಅದನ್ನು ನಾವು ಬಳಸುವುದು ಸಮಯಸಾಧಕರನ್ನು ಚುಚ್ಚಲು.

ಕಳೆದ ಶ್ರಾವಣದಲ್ಲಿ ಪ್ರವಚನ ಮುಗಿದು ಪ್ರಸಾದಕ್ಕೆ ಕುಳಿತಾಗ ಪಕ್ಕದಲ್ಲಿದ್ದ ತರುಣನೊಬ್ಬ ನನ್ನನ್ನು ಕೇಳಿದ: 'ಮಾಡಿ ಪಶ್ಚಾತ್ತಾಪ ಪಡುವುದು ಮೇಲೋ ಸರ್, ಮಾಡದೆ ಪಶ್ಚಾತ್ತಾಪ ಪಡುವುದು ಮೇಲೋ?' ಪ್ರಶ್ನೆ ತತ್ವದ್ದಲ್ಲ ಎಂದು ಅವನ ಮುಖ ನೋಡಿಯೇ ತಿಳಿಯಿತು. ಅವನೂ ಅವನು ಒಪ್ಪಿದ ಹುಡುಗಿಯೂ ಲಿಂಗಾಯತರೇ, ಒಳಪಂಗಡ ಮಾತ್ರ ಬೇರೆ. ಎರಡೂ ಮನೆಯ ಹಿರಿಯರು ಬಸವ ಜಯಂತಿಯ ವೇದಿಕೆಯ ಮೇಲೆ ಜಾತಿಯ ವಿರುದ್ಧ ಮಾತನಾಡುವವರೇ. ಅವರು ಬೇಡ ಎಂದಿಲ್ಲ, 'ನೋಡೋಣ' ಎಂದಿದ್ದಾರೆ. ಅಕ್ಕನ ಮದುವೆ ಆಗಲಿ, ಅಜ್ಜನ ಪುಣ್ಯಸ್ಮರಣೆ ಮುಗಿಯಲಿ, ಈ ಸುಗ್ಗಿ ದಾಟಲಿ. ಹೀಗೆ ಮೂರು ವರ್ಷ ಸಂದಿವೆ. ಬೇಡ ಎಂದಿದ್ದರೆ ಆ ಹುಡುಗ ವಾದಿಸಬಹುದಿತ್ತು. 'ನೋಡೋಣ' ಎಂಬ ಮಾತಿನೊಡನೆ ವಾದಿಸುವುದು ಹೇಗೆ?

ಅವನ ಪ್ರಶ್ನೆಯನ್ನು ಮನಶ್ಶಾಸ್ತ್ರಜ್ಞರೂ ಕೇಳಿಕೊಂಡಿದ್ದಾರೆ. ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ ಎಂಬಿಬ್ಬರು 1982ರಲ್ಲಿ ಒಂದು ಲೆಕ್ಕ ಮುಂದಿಟ್ಟರು. ಒಬ್ಬ ಒಂದು ಕಂಪನಿಯ ಷೇರು ಬಿಟ್ಟು ಇನ್ನೊಂದಕ್ಕೆ ಹೋಗಿ ಹಣ ಕಳೆದುಕೊಂಡ. ಇನ್ನೊಬ್ಬ ಬದಲಾಯಿಸಬೇಕೆಂದು ಯೋಚಿಸಿ, ಸುಮ್ಮನಿದ್ದು, ಅಷ್ಟೇ ಹಣ ಕಳೆದುಕೊಂಡ. ಯಾರಿಗೆ ಹೆಚ್ಚು ಸಂಕಟ? ಹೆಚ್ಚುಕಡಿಮೆ ಎಲ್ಲರೂ ಹೇಳಿದ್ದು, ಬದಲಾಯಿಸಿದವನಿಗೆ ಎಂದು. ಗಾದೆಗಳೇ ಗೆದ್ದಂತೆ ಕಂಡಿತು. ಆದರೆ 1990ರ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ ಬೇರೆ ರೀತಿ ಕೇಳಿದರು: ಇಡೀ ಬದುಕನ್ನು ಹಿಂತಿರುಗಿ ನೋಡಿದಾಗ ಯಾವುದು ಕಾಡುತ್ತದೆ? ಆಗ ಉತ್ತರ ತಿರುವುಮುರುವಾಯಿತು. ಮಾಡಿದ್ದರ ನೋವು ಮೊದಲು ತೀಕ್ಷ್ಣವಾಗಿದ್ದು ಬರಬರುತ್ತ ಆರುತ್ತದೆ. ಮಾಡದ್ದರದು ವಯಸ್ಸಿನೊಂದಿಗೆ ಬೆಳೆಯುತ್ತದೆ. ಲೂಯಿಸ್ ಟರ್ಮನ್ ಎಂಬಾತ ಅಲ್ಲಿನ ಜಾಣ ಮಕ್ಕಳನ್ನು 1920ರ ದಶಕದಲ್ಲಿ ಆರಿಸಿ ಜೀವನವಿಡೀ ಗಮನಿಸುವ ಕೆಲಸಕ್ಕೆ ಕೈಹಾಕಿದ್ದ. ಅವರು ಎಪ್ಪತ್ತು ದಾಟಿದಾಗ ಹೇಳಿಕೊಂಡದ್ದೂ ಬಹುಪಾಲು ಕಲಿಯದೆ ಬಿಟ್ಟದ್ದು, ಯತ್ನಿಸದೆ ಬಿಟ್ಟದ್ದು.

ಕಾರಣ ಹುಡುಕಲು ಅಮೆರಿಕದವರೆಗೆ ಹೋಗಬೇಕಿಲ್ಲ. ಮಾಡಿದ ಕೆಲಸಕ್ಕೆ ಒಬ್ಬ ಒಡೆಯನಿರುತ್ತಾನೆ. ಕೆಟ್ಟರೆ ಬೈಸಿಕೊಳ್ಳುತ್ತಾನೆ, ತಿದ್ದಿಕೊಳ್ಳುತ್ತಾನೆ, ಕ್ಷಮೆ ಕೇಳುತ್ತಾನೆ, ಒಂದು ದಿನ ಅದರ ಬಗ್ಗೆ ನಗುತ್ತಾನೆ ಕೂಡ. ಮಾಡದ್ದಕ್ಕೆ ಒಡೆಯನಿಲ್ಲ. ನಮ್ಮ ಬಳಗದಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ. ನಾಲ್ಕನೆಯ ಇಯತ್ತೆಗೆ ಶಾಲೆ ಮುಗಿಯಿತು, ಐದನೆಯದು ಪಕ್ಕದ ಊರಲ್ಲಿತ್ತು. ತಂದೆ ಕೆಟ್ಟವರಲ್ಲ, ಜಾತ್ರೆಗೆ ಹೋದರೆ ಮಗಳಿಗೆ ಬಳೆ ತರದೆ ಬಂದವರಲ್ಲ. ಹೆಸರು ಹಚ್ಚಿಸಲು ಯಾರೂ ಹೋಗಲಿಲ್ಲ, ಅಷ್ಟೇ. ಈಗಲೂ ಅವರು ಬೆಳಗ್ಗೆ ಪೂಜೆಯಾದ ಮೇಲೆ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ವಚನ ಓದುತ್ತಾರೆ. 'ನನ್ನ ಸಾಲಿ ಯಾರೂ ಬಿಡಿಸಲಿಲ್ಲಪ್ಪಾ, ಅದು ತಾನ ನಿಂತ್ತು' ಎನ್ನುತ್ತಾರೆ. ಯಾರ ಮೇಲೆ ಸಿಟ್ಟು ಮಾಡಬೇಕೆಂಬುದೇ ತಿಳಿಯದ ದುಃಖ ಅದು.

ಹಾಗೆಂದು 'ಮಾಡಿಬಿಡು, ಆಮೇಲೆ ನೋಡಿಕೊಳ್ಳೋಣ' ಎಂಬುದನ್ನು ನಾನು ಒಪ್ಪುವವನಲ್ಲ. ಅವಕಾಶ ತಪ್ಪೀತೆಂಬ ಭಯದಿಂದಲೇ ಹಾಳಾದ ಮನೆಗಳನ್ನು ನಮ್ಮ ಬಯಲುಸೀಮೆಯಲ್ಲಿ ಎಷ್ಟು ಬೇಕಾದರೂ ತೋರಿಸಬಹುದು. ಎರಡು ಬೋರು ಒಣಗಿದವು, ಮೂರನೆಯದರಲ್ಲಿ ನೀರು ಬಿದ್ದರೆ? ಇನ್ನೂ ನೂರು ಅಡಿ ಇಳಿಸಿದ್ದರೆ ಬೀಳುತ್ತಿತ್ತೇನೋ? ಈ 'ಇದ್ದರೆ'ಯೇ ರೈತನನ್ನು ನಾಲ್ಕನೆಯ ಬೋರಿಗೂ ಬಡ್ಡಿ ಸಾಲಕ್ಕೂ ಎಳೆದೊಯ್ಯುತ್ತದೆ. ಬೈಪಾಸ್ ಪಕ್ಕದ ಹೊಲ ಮಾರಿಬಿಡಿ, ಇಂಥ ರೇಟು ಮತ್ತೆ ಬಾರದು ಎಂದು ಬರುವ ದಲ್ಲಾಳಿ ಮಾರುವುದೂ ಇದೇ ಭಯವನ್ನು. ಹೊಲ ಮಾರಿ ಮಗಳ ಮದುವೆಗೆ ಪೆಂಡಾಲು ಹಾಕಿಸಿದವರು ಆ ಪೆಂಡಾಲನ್ನು ಮತ್ತೆ ಹೊಲವಾಗಿಸಲಾರರು. ಇಂಥಲ್ಲಿ ಗಾದೆಗಳ ಮಾತೇ ಸರಿ. ಹಾಗಾದರೆ ಎಲ್ಲಿ ತಡೆಯಬೇಕು, ಎಲ್ಲಿ ಮಾಡಬೇಕು?

ನನಗೆ ಇದರಲ್ಲಿ ದಾರಿ ತೋರಿಸುವವರು ವಿಜಯಪುರದ ಫ.ಗು. ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ಕಾನೂನು ಓದಿ, ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದವರು. ಆಗ ವಚನಗಳಿದ್ದದ್ದು ತಾಳೆಗರಿಯ ಕಟ್ಟುಗಳಲ್ಲಿ, ಮನೆಮನೆಯ ಜಗಲಿಯಲ್ಲಿ, ಮಠದ ಅಟ್ಟದಲ್ಲಿ. ಜನ ಅವಕ್ಕೆ ವಿಭೂತಿ ಹಚ್ಚಿ ಹೂವೇರಿಸುತ್ತಿದ್ದರು, ಬಿಚ್ಚಿ ಓದುವವರು ವಿರಳ. ಹಳಕಟ್ಟಿಯವರು ಊರೂರು ತಿರುಗಿ ಕಟ್ಟುಗಳನ್ನು ಕೂಡಿಹಾಕಿದರು, ಪ್ರತಿ ಮಾಡಿದರು, ಪಾಠ ಹೋಲಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂತು. ಅಚ್ಚಿನ ಕೆಲಸಕ್ಕೆ ಪರರನ್ನು ಕಾಯುತ್ತ ಕೂರದೆ, ಇದ್ದ ಮನೆಯನ್ನೇ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಮರುವರ್ಷ 'ಶಿವಾನುಭವ' ಪತ್ರಿಕೆ ಆರಂಭವಾಯಿತು. 1964ರಲ್ಲಿ ತೀರಿಕೊಳ್ಳುವಾಗ ಅವರ ಬಳಿ ಆಸ್ತಿ ಎನ್ನುವಂಥದ್ದು ಇರಲಿಲ್ಲ.

ಈಗ ನಾವು ಅವರ ಭಾವಚಿತ್ರಕ್ಕೆ ಮಾಲೆ ಹಾಕುತ್ತೇವೆ, ಆದ್ದರಿಂದ ಮನೆ ಮಾರಿದ್ದು ಸರಿಯೆನಿಸುತ್ತದೆ. 1925ರಲ್ಲಿ ನಿಂತು ನೋಡಿ. ಸಂಪಾದಿಸಬಲ್ಲ ವಕೀಲ, ಮನೆ ಮಾರುತ್ತಿದ್ದಾನೆ, ಯಾರೂ ಓದದ ಹಳೆಯ ಗರಿಗಳಿಗಾಗಿ. ಪ್ರೆಸ್ ಮುಳುಗಿದ್ದರೆ ಪಶ್ಚಾತ್ತಾಪಕ್ಕೆ ಕಾರಣ ಎದುರಿಗೇ ಇತ್ತು: ಕಳೆದುಹೋದ ಮನೆ ದಿನವೂ ಕಣ್ಣಿಗೆ ಬೀಳುತ್ತದೆ. ಸುಮ್ಮನಿದ್ದಿದ್ದರೆ? ಗೆದ್ದಲು ತನ್ನ ಕೆಲಸ ಮುಗಿಸುತ್ತಿತ್ತು, ಮನೆ ಉಳಿಯುತ್ತಿತ್ತು, ಯಾರೂ ಅವರನ್ನು ಬೈಯುತ್ತಿರಲಿಲ್ಲ.

ಇಲ್ಲಿ ನನಗೆ ಗಿಲೋವಿಚರ ಮಾತೂ ಸಾಲದೆನಿಸುತ್ತದೆ. ಮಾಡದೆ ಬಿಟ್ಟದ್ದು ಕೊನೆಗಾಲದಲ್ಲಿ ಕಾಡುತ್ತದೆ ಎನ್ನುತ್ತಾರೆ ಅವರು. ಎಲ್ಲವೂ ಕಾಡುವುದಿಲ್ಲ. ಹಳಕಟ್ಟಿಯವರ ಕೈಗೆ ಸಿಗುವ ಮೊದಲೇ ಒಲೆಗೋ ಹೊಳೆಗೋ ಇಲಿಗೋ ಸಂದ ಕಟ್ಟುಗಳು ಎಷ್ಟಿದ್ದವೋ! ಅವುಗಳಲ್ಲಿ ಯಾವ ಶರಣೆಯ ಯಾವ ಮಾತಿತ್ತೋ! ಅವಕ್ಕಾಗಿ ಅಳುವವರು ಯಾರೂ ಇಲ್ಲ, ಇದ್ದವೆಂದೇ ನಮಗೆ ಗೊತ್ತಿಲ್ಲವಲ್ಲ. ಇದ್ದದ್ದು ಗೊತ್ತಾದರೆ ತಾನೇ ಕಳೆದದ್ದು ಗೊತ್ತಾಗುವುದು? ಎಲ್ಲಕ್ಕಿಂತ ದೊಡ್ಡ ನಷ್ಟ ಪಶ್ಚಾತ್ತಾಪವನ್ನೂ ಉಳಿಸದೆ ಹೋಗುತ್ತದೆ. ಆದ್ದರಿಂದ ಯಾವುದು ಹೆಚ್ಚು ಕಾಡುತ್ತದೆ ಎಂದು ನಮ್ಮ ಎದೆಯನ್ನೇ ಕೇಳುತ್ತ ಕೂತರೆ ಸಾಲದು. ನಮ್ಮ ಎದೆಗೆ ತಟ್ಟುವುದು ನಮ್ಮ ನಷ್ಟ ಮಾತ್ರ. ಶಾಲೆ ತಪ್ಪಿದ ನೋವು ಆ ಅಜ್ಜಿಯದು, ಹೆಸರು ಹಚ್ಚಿಸದ ತಂದೆಯದಲ್ಲ.

ಹಾಗಾಗಿ ನಾನು ಪ್ರಶ್ನೆಯನ್ನು ಬದಲಾಯಿಸಿಕೊಂಡಿದ್ದೇನೆ: ಕೆಟ್ಟರೆ ತೆರುವವರು ಯಾರು? ಸುಮ್ಮನಿದ್ದರೆ ತೆರುವವರು ಯಾರು? ಹಳಕಟ್ಟಿಯವರು ಮಾರಿದ್ದು ತಮ್ಮ ಮನೆಯನ್ನು. ಸಂತಾನವಿಲ್ಲದ ಸಿರಸಂಗಿ ಲಿಂಗರಾಜರು 1906ರಲ್ಲಿ ತೀರಿಕೊಳ್ಳುವ ಮುನ್ನ ಮಕ್ಕಳ ವಿದ್ಯೆಗೆಂದು ಬರೆದಿಟ್ಟದ್ದು ತಮ್ಮ ದೇಸಗತಿಯ ಆಸ್ತಿಯನ್ನು. ಸುಮ್ಮನಿದ್ದಿದ್ದರೆ ನಷ್ಟವಾಗುತ್ತಿದ್ದದ್ದು ಅವರಿಗಲ್ಲ, ಮುಂದೆ ಹುಟ್ಟಲಿದ್ದವರಿಗೆ. ಬೋರಿನ ಸಾಲದಲ್ಲಿ ಲೆಕ್ಕ ತಲೆಕೆಳಗು: ಪಂದ್ಯ ಕಟ್ಟುವವನು ಅಪ್ಪ, ತೀರಿಸುವವರು ಹೆಂಡತಿ ಮಕ್ಕಳು.

ಕಲ್ಯಾಣವನ್ನು ಬಿಟ್ಟು ಈ ಮಾತು ಮುಗಿಯದು. ಸಮಗಾರರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಹುಟ್ಟಿನ ಮಧುವರಸರ ಮಗಳಿಗೂ ಮದುವೆಯಾಯಿತು. ಶರಣರ ಕಣ್ಣಿಗೆ ಅದು ಜಾತಿ ಮೀರಿದ ಮದುವೆಯೇ ಅಲ್ಲ, ಇಬ್ಬರೂ ಇಷ್ಟಲಿಂಗ ಧರಿಸಿದವರು. ಪರಂಪರೆ ಹೇಳುವಂತೆ ಬಿಜ್ಜಳನ ಆಳ್ವಿಕೆ ಆ ಬೀಗರಿಬ್ಬರನ್ನೂ ಎಳೆಹೂಟೆಗೆ ಕಟ್ಟಿತು, ಕಲ್ಯಾಣ ಹೊತ್ತಿ ಉರಿಯಿತು, ಶರಣರು ಚದುರಿಹೋದರು. ಆ ಮದುವೆ ಅವಸರದ್ದು, ಹತ್ತು ವರ್ಷ ತಡೆದಿದ್ದರೆ ಅನುಭವ ಮಂಟಪ ಉಳಿಯುತ್ತಿತ್ತು ಎನ್ನುವ ವಿದ್ವಾಂಸರ ಮಾತು ನಾನು ಕೇಳಿದ್ದೇನೆ. ಆ ವಾದವನ್ನು ಸುಮ್ಮನೆ ತಳ್ಳಿಹಾಕಲಾಗದು, ಏಕೆಂದರೆ ಸತ್ತವರು ಇಬ್ಬರೇ ಅಲ್ಲ. ಚದುರಿದವರಲ್ಲಿ ಈ ಮದುವೆಯ ಬಗ್ಗೆ ಯಾರೂ ಕೇಳದವರೂ ಇದ್ದರು, ಅವರೂ ತೆತ್ತರು. ಆದರೂ ನನಗೆ ಎದ್ದು ಕಾಣುವುದು ಇದು: ಹರಳಯ್ಯ, ಮಧುವರಸರು ನೆರೆಮನೆಯ ಮಕ್ಕಳನ್ನು ಮುಂದೆ ತಳ್ಳಿ ತಾವು ಹಿಂದೆ ನಿಲ್ಲಲಿಲ್ಲ. ಮುಂದಿಟ್ಟದ್ದು ತಮ್ಮ ಮನೆಯನ್ನು, ಕೊಟ್ಟದ್ದು ತಮ್ಮ ಜೀವವನ್ನು. ಇನ್ನೂ ಹತ್ತು ವರ್ಷ ತಡೆಯಿರಿ ಎನ್ನುವವರು ಒಂದು ಮಾತಿಗೆ ಉತ್ತರ ಕೊಡಬೇಕು. ಎಂಟು ನೂರು ವರ್ಷ ತಡೆದ ಮೇಲೂ ನಾವು ಒಳಪಂಗಡದ ಲೆಕ್ಕ ಹಾಕುತ್ತಿದ್ದೇವಲ್ಲ, ತಡೆದದ್ದರಿಂದ ಯಾವ ಕಾಳು ಮಾಗಿತು?

ಆ ತರುಣನಿಗೆ ನಾನು ಓಡಿಹೋಗು ಎನ್ನಲಿಲ್ಲ. ಅದನ್ನು ಹೇಳುವುದು ನನಗೆ ಸುಲಭ, ತೆರುವವನು ಅವನು, ಅವನಿಗಿಂತ ಹೆಚ್ಚಾಗಿ ಆ ಹುಡುಗಿ. ಮೊದಲು ಅವಳನ್ನು ಕೇಳು, ಅವಳು ಏನು ತೆರಲು ಸಿದ್ಧಳಿದ್ದಾಳೆ ಎಂದು ಅವಳ ಬಾಯಿಂದಲೇ ತಿಳಿದುಕೋ, ಆಮೇಲೆ ಹಿರಿಯರ ಮುಂದೆ ಕುಳಿತು ಒಂದು ದಿನಾಂಕ ಕೇಳು ಎಂದೆ. ಹಿರಿಯರಿಗೆ ಹೇಳಬೇಕಾದ್ದು ಇನ್ನೂ ಇದೆ. ನಮ್ಮ ಬಸವ ಸಮಿತಿಗಳ ಸಭೆಯಲ್ಲಿ ಠರಾವು ಬರೆಯುವ ಪುಸ್ತಕವಿರುತ್ತದೆ. ಮಾಡಿದ್ದು ಅದರಲ್ಲಿ ದಾಖಲಾಗುತ್ತದೆ, ಖರ್ಚು ಹೆಚ್ಚಾದರೆ ಯಾರು ಮಾಡಿದ್ದೆಂದು ಕೇಳುತ್ತೇವೆ. ಮುಂದೂಡಿದ್ದನ್ನೂ ಬರೆಯಿರಿ. ಯಾವ ವಿಷಯ, ಯಾರು ಮುಂದೂಡಿದರು, ಎಲ್ಲಿಯವರೆಗೆ, ಅದರಿಂದ ಕಾಯುತ್ತಿರುವವರು ಯಾರು. ಹೆಣ್ಣುಮಕ್ಕಳ ವಸತಿನಿಲಯವನ್ನು 'ಮುಂದಿನ ಸಭೆಯಲ್ಲಿ ನೋಡೋಣ' ಎಂದು ಆರು ಸಭೆ ದಾಟಿಸಿದವರ ಹೆಸರು ಆರು ಸಲ ಅಲ್ಲಿರಲಿ. ವಿಧವೆಯ ಮರುಮದುವೆಗೆ ಮಠದ ಸಭಾಭವನ ಕೊಡಲು ವಿಚಾರ ಮಾಡುತ್ತೇವೆ ಎಂದವರದೂ ಇರಲಿ. ಪೂಜ್ಯರು ಮನಸ್ಸು ಮಾಡಿದರೆ ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಕೊನೆಗೆ, ಈ ಪತ್ರಿಕೆ ಓದುವ ಮನೆಗಳಿಗೇ ಸಂಬಂಧಿಸಿದ ಒಂದು ಮಾತು. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳು 15 ಬಂದಿವೆ, ಇನ್ನು ಹುಡುಕುವುದೇನಿದೆ ಎಂಬ ಭಾವನೆ ನಮ್ಮಲ್ಲಿ ಬಂದುಬಿಟ್ಟಿದೆ. ಆದರೂ ಕೆಂಪು ವಸ್ತ್ರದಲ್ಲಿ ಕಟ್ಟಿಟ್ಟ ಗರಿಗಳು, ಕೈಬರಹದ ಕಾಗದದ ಹೊತ್ತಗೆಗಳು ಹಳೆಯ ಮನೆಗಳ ಜಗಲಿಯ ಮೇಲೆ ಈಗಲೂ ನನ್ನ ಕಣ್ಣಿಗೆ ಬೀಳುತ್ತವೆ. ಅವು ವಚನಗಳೋ, ಹಾಡುಗಳೋ, ವೈದ್ಯದ ಟಿಪ್ಪಣಿಯೋ, ಹೊಲದ ಲೆಕ್ಕವೋ, ಬಿಚ್ಚದೆ ತಿಳಿಯದು. ಗರಿ ಮುರಿಯದಂತೆ ಬಿಚ್ಚಲು ಗೊತ್ತಿರುವವರು ಧಾರವಾಡದ ಕನ್ನಡ ಅಧ್ಯಯನ ಪೀಠದಲ್ಲಿದ್ದಾರೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿದ್ದಾರೆ. ಕಟ್ಟನ್ನು ಕೊಟ್ಟುಬಿಡಬೇಕೆಂದೇನಿಲ್ಲ, ಒಂದೊಂದು ಗರಿಯ ಚಿತ್ರ ತೆಗೆಸಿಕೊಂಡು ಮತ್ತೆ ಅದೇ ವಸ್ತ್ರದಲ್ಲಿ ಕಟ್ಟಿ ಅದೇ ಜಗಲಿಯ ಮೇಲಿಡಬಹುದು. ಹಳೆಯ ಮನೆ ಕೆಡವಿ ಆರ್‌ಸಿಸಿ ಹಾಕಿಸಬೇಕೆಂದಿರುವವರು ಅಟ್ಟ ಇಳಿಸುವ ಮುನ್ನ ಮಠಕ್ಕೆ ಒಂದು ಮಾತು ತಿಳಿಸಿ. ಮುಂಗಾರಿಗೆ ಮೊದಲಾದರೆ ಒಳ್ಳೆಯದು, ಮೇಲ್ಮುದ್ದೆಯ ಮನೆಗಳು ಸೋರುವುದು ಆಗಲೇ.