ಬೋಧನೆಯಲ್ಲಿ ಸ್ವಂತಿಕೆ

ಹನ್ನೆರಡನೆಯ ಶತಮಾನದ ಶರಣರು ತಮ್ಮ ಅನುಭಾವವನ್ನು ಎರವಲು ಮಾತಿನಲ್ಲಿ ಹೇಳಲಿಲ್ಲ. ಅಂಬಿಗರ ಚೌಡಯ್ಯನಿಗೆ ದೋಣಿ, ಆಯ್ದಕ್ಕಿ ಲಕ್ಕಮ್ಮನಿಗೆ ಆಯ್ದು ತಂದ ಅಕ್ಕಿ ತತ್ತ್ವದ ಮಾತಾಯಿತು. ಆ ಪರಂಪರೆಯ ಮಠಗಳು ನಡೆಸುವ ಶಾಲೆಗಳಲ್ಲಿ ಪಾಠವೆಂಬುದು ಗೈಡು ಪುಸ್ತಕದ ಪ್ರತಿಧ್ವನಿಯಾದರೆ ಅದು ವಿಪರ್ಯಾಸವೇ ಸರಿ.

ಕಿರವತ್ತಿಯಂಥ ಊರಿನಲ್ಲಿ ಈ ಮಾತಿಗೆ ಹೆಚ್ಚಿನ ಅರ್ಥವಿದೆ. ಹುಬ್ಬಳ್ಳಿಯಿಂದ ಯಲ್ಲಾಪುರದತ್ತ ಸಾಗುವ ಹೆದ್ದಾರಿಯಲ್ಲಿ ಬಯಲುಸೀಮೆ ಮುಗಿದು ಕಾಡು ತೊಡಗುವ ಎಡೆಯಿದು. ಈ ಭಾಗದ ತರಗತಿಗಳಲ್ಲಿ ಮನೆಯಲ್ಲಿ ಕೊಂಕಣಿ ಬೆರೆತ ನುಡಿಯಾಡುವ ಸಿದ್ದಿ ಬಾಲಕನೂ ಮರಾಠಿ ಬೆರೆತ ನುಡಿಯಾಡುವ ಗೌಳಿ ಬಾಲಕಿಯೂ ಅಕ್ಕಪಕ್ಕ ಕುಳಿತಿರುವುದುಂಟು. ಎಲ್ಲರಿಗೂ ಒಂದೇ ಅಚ್ಚಿನ ಪಾಠ ಹೇಗೆ ಹೊಂದೀತು?

ಊರಿನಲ್ಲೇ ಅರಣ್ಯ ಇಲಾಖೆಯ ಮರದ ಡಿಪೋ ಇದೆ. ಸಿಲಿಂಡರಿನ ಘನಫಲವನ್ನು ಕಲಿಸುವ ಉಪಾಧ್ಯಾಯರು ಒಂದು ದಿಮ್ಮಿಯನ್ನೇ ಪಾಠವಾಗಿಸಬಹುದು. ಮರದ ವ್ಯವಹಾರದ ರೂಢಿಯಲ್ಲಿ ಸುತ್ತಳತೆಯ ಕಾಲುಭಾಗದ ವರ್ಗವನ್ನು ಉದ್ದದಿಂದ ಗುಣಿಸುತ್ತಾರೆ. 120 ಸೆಂಟಿಮೀಟರ್ ಸುತ್ತಳತೆ, 3 ಮೀಟರ್ ಉದ್ದದ ದಿಮ್ಮಿಗೆ ಈ ಲೆಕ್ಕದಲ್ಲಿ 0.27 ಘನ ಮೀಟರ್ ಬರುತ್ತದೆ. ಪುಸ್ತಕದ ಸೂತ್ರದಂತೆ ಸುಮಾರು 0.34. ಉಳಿದ ಐದನೆಯ ಒಂದು ಪಾಲು ಎಲ್ಲಿ ಹೋಯಿತು? ಕೊಯ್ತದಲ್ಲಿ ನಷ್ಟವಾಗುವ ಅಂಚಿಗೆ ಬಿಟ್ಟ ರಿಯಾಯಿತಿಯೆಂಬುದನ್ನು ಮಗು ತಾನೇ ಹುಡುಕಿ ತೆಗೆದಾಗ ಸೂತ್ರವು ಅದರ ಸ್ವತ್ತಾಗುತ್ತದೆ. ಇದಕ್ಕೆ ಬೇಕಾದದ್ದು ಹಣವಲ್ಲ. ಒಂದು ಅಳತೆ ಪಟ್ಟಿ ಮತ್ತು ಉಪಾಧ್ಯಾಯರ ಧೈರ್ಯ.

ಇಂಥ ಧೈರ್ಯಕ್ಕೆ ನಾಡಿನಲ್ಲೇ ನಿದರ್ಶನವಿದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಸರಕಾರಿ ಶಾಲಾ ಶಿಕ್ಷಕರು ಋಷಿವ್ಯಾಲಿಯ ಮಾದರಿಯಿಂದ ಪ್ರೇರಿತರಾಗಿ ಹಾಡು, ಆಟ, ಕಾರ್ಡುಗಳಿಂದ ಕೂಡಿದ ‘ನಲಿ-ಕಲಿ’ಯನ್ನು ರೂಪಿಸಿದರು. ಅದು ಮುಂದೆ ರಾಜ್ಯದಾದ್ಯಂತ ಹರಡಿತು. ಆದರೆ ಅದರಿಂದ ಕಲಿಯಬೇಕಾದ ಪಾಠ ಕಾರ್ಡಿನಲ್ಲಿಲ್ಲ. ಅದನ್ನು ತಯಾರಿಸಿದ ಕೈಗಳಲ್ಲಿದೆ. ಪರರು ಮಾಡಿಕೊಟ್ಟ ಕಾರ್ಡನ್ನು ಯಾಂತ್ರಿಕವಾಗಿ ಬಳಸಿದರೆ ಅದೂ ಮತ್ತೊಂದು ಗೈಡಾದೀತು.

ಹೊಸತನದ ಹೆಸರಿನಲ್ಲಿ ಪಾಠಗಳು ಉಳಿದುಹೋದರೆ ಪರೀಕ್ಷೆಯಲ್ಲಿ ಸೋಲುವವರು ಬಡಮಕ್ಕಳೇ ಎಂಬ ಆಕ್ಷೇಪವುಂಟು. ಅದನ್ನು ತಳ್ಳಿಹಾಕುವಂತಿಲ್ಲ. ಸ್ವಂತಿಕೆಯೆಂದರೆ ಸ್ವೇಚ್ಛೆಯಲ್ಲ, ಅದಕ್ಕೆ ಇಮ್ಮಡಿ ಸಿದ್ಧತೆ ಬೇಕು. ಆದರೆ ಬಾಯಿಪಾಠದಿಂದ ಮೊದಲು ಹಿಂದೆ ಬೀಳುವುದೂ ಮನೆಮಾತು ಬೇರೆಯಾದ ಅದೇ ಬಡಮಗುವೆಂಬುದನ್ನು ಮರೆಯಲಾಗದು.

ಶೇಕಡಾವಾರು ಫಲಿತಾಂಶವೊಂದರಿಂದಲೇ ಉಪಾಧ್ಯಾಯರನ್ನು ಅಳೆಯುವ ಆಡಳಿತ ಮಂಡಳಿಯು ಅವರಿಂದ ಸೃಜನಶೀಲತೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ. ವಾರದಲ್ಲಿ ಒಂದು ಅವಧಿಯನ್ನಾದರೂ ಅವರ ವಿವೇಚನೆಗೆ ಬಿಡಬೇಕು. ಹೆಚ್ಚು ಅಂಕ ಗಳಿಸಿದವರಿಗೆ ಬಹುಮಾನವಿಡುವ ದಾನಿಗಳು, ಒಳ್ಳೆಯ ಪ್ರಶ್ನೆ ಕೇಳಿದ ವಿದ್ಯಾರ್ಥಿಗೂ ಒಂದನ್ನು ಮೀಸಲಿಡಲಿ. ಕಟ್ಟಡಕ್ಕೆ ಕೊಟ್ಟ ದಾನ ಗೋಡೆಯಾಗಿ ನಿಲ್ಲುತ್ತದೆ. ಪ್ರಶ್ನೆಗೆ ಕೊಟ್ಟ ದಾನ ಮನುಷ್ಯನಾಗಿ ಬೆಳೆಯುತ್ತದೆ.